ನನ್ನ ಹೆಸರಿನಲ್ಲಿ ನಡೆದವಳು

ತುಮಕೂರಿನ ಪೊಲೀಸ್ ಮೈದಾನದಲ್ಲಿ ಒಂದು ದಿನ ನಮ್ಮನ್ನೆಲ್ಲ ನಿಲ್ಲಿಸಿ ತೂಕ ನೋಡಿದರು. ತೂಕದ ಯಂತ್ರ ಹತ್ತಿ ಇಳಿದ ಮೇಲೆ ಎರಡು ಸಾಲು. ಸರಿಯಾಗಿರುವವರದು ಒಂದು, ದಪ್ಪಗಿರುವವರದು ಇನ್ನೊಂದು. ದಪ್ಪಗಿರುವವರಿಗೆ ಮಾತ್ರ ಕೈಗೆ ಕಟ್ಟುವ ಕಪ್ಪು ಬ್ಯಾಂಡ್ ಕೊಟ್ಟರು. ಅದು ಹೆಜ್ಜೆ ಎಣಿಸುತ್ತದೆ, ನಾಡಿ ನೋಡುತ್ತದೆ, ನಮ್ಮ ಮೊಬೈಲಿನಿಂದ ಎಲ್ಲ ತುಮಕೂರಿನ ಡಾಕ್ಟರಿಗೆ ಹೋಗುತ್ತದೆ ಎಂದು ವಿವರಿಸಿದರು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಸರ್ವಿಸ್ ಮಾಡಿದ್ದಕ್ಕೆ ಎಲ್ಲರೆದುರು ದಪ್ಪಗಿದ್ದೀಯ ಎಂದು ಕೈಗೆ ಗುರುತು ಕಟ್ಟಿಸಿಕೊಳ್ಳಬೇಕಾಯಿತಲ್ಲ! ಇನ್ನೊಂದು ಸಾಲಿನಿಂದ ನನ್ನ ಗೆಳತಿ ಕಿಸಕ್ಕನೆ ನಕ್ಕಳು. ಅವಳು ಸಣಕಲಿ, ಅವಳಿಗೆ ಬ್ಯಾಂಡ್ ಇಲ್ಲ.

ನಾನು ಕುಣಿಗಲ್ಲಿನ ಒಂದು ಠಾಣೆಯಲ್ಲಿ ರೈಟರ್. ಹಾಗೆಂದರೆ ಕಥೆ ಬರೆಯುವವಳಲ್ಲ. ಠಾಣೆಗೆ ಬರುವ ದೂರು, ಹೇಳಿಕೆ, ಮಹಜರು ಎಲ್ಲ ಬರೆದಿಡುವ ಹೆಡ್ ಕಾನ್‌ಸ್ಟೆಬಲ್. ಬೆಳಗ್ಗೆ ಕುರ್ಚಿಯಲ್ಲಿ ಕುಳಿತರೆ ಊಟಕ್ಕೆ ಏಳುವುದು, ಊಟ ಮಾಡಿ ಕುಳಿತರೆ ಮನೆಗೆ ಏಳುವುದು. ಬ್ಯಾಂಡಿಗೆ ಇದು ಹಿಡಿಸಲಿಲ್ಲ. ಗಂಟೆಗೊಮ್ಮೆ ಗುರ್ ಎಂದು ನಡುಗಿ, ಎದ್ದು ಓಡಾಡು ಎನ್ನುತ್ತಿತ್ತು. ಎದುರಿಗೆ ಯಾರೋ ಹೆಂಗಸು ಗಂಡ ಹೊಡೆದ ಎಂದು ಅಳುತ್ತ ಕುಳಿತಿರುವಾಗ ನಾನು ಎದ್ದು ವಾಕಿಂಗ್ ಮಾಡಲೇ?

ವಾರಕ್ಕೊಮ್ಮೆ ವಾಟ್ಸಾಪ್ ಗುಂಪಿನಲ್ಲಿ ಪಟ್ಟಿ ಬರುತ್ತಿತ್ತು. ಯಾರು ಎಷ್ಟು ಹೆಜ್ಜೆ ನಡೆದರು ಎಂದು ಮೇಲಿನಿಂದ ಕೆಳಗೆ. ನನ್ನ ಹೆಸರು ಹುಡುಕಲು ಕಷ್ಟವೇ ಇರಲಿಲ್ಲ, ಕಟ್ಟಕಡೆಯ ಸಾಲು ನೋಡಿದರೆ ಸಾಕು. ಪಟ್ಟಿ ಬಂದ ದಿನ ಮನೆಯಲ್ಲಿ ನನ್ನವರು, "ಈ ಸಲಾನೂ ನಿನ್ ಜಾಗ ಯಾರೂ ಕಿತ್ಕೊಂಡಿಲ್ವಾ?" ಎಂದು ಕೇಳುತ್ತಿದ್ದರು. ಎರಡು ವಾರ ತಡೆದುಕೊಂಡೆ. ಮೂರನೆಯ ವಾರ ನನಗೆ ಗುಬ್ಬಿ ನೆನಪಾಯಿತು.

ನಾನೂ ಆ ಸಣಕಲಿಯೂ ಒಟ್ಟಿಗೆ ಟ್ರೈನಿಂಗ್ ಮುಗಿಸಿ, ಮೊದಲು ಕೆಲಸಕ್ಕೆ ಬಿದ್ದದ್ದು ಗುಬ್ಬಿಯಲ್ಲಿ. ಆಗ ಹಗಲು ಗಸ್ತಿನ ಬೀಟ್ ನಮ್ಮಿಬ್ಬರದು. ಬಸ್ ಸ್ಟ್ಯಾಂಡ್, ಸಂತೆ ಬೀದಿ, ಕಾಲೇಜಿನ ಗೇಟು, ಹೀಗೆ ಒಂದೊಂದು ಜಾಗದಲ್ಲೂ ಒಂದು ಬೀಟ್ ಪುಸ್ತಕ. ಅಲ್ಲಿಗೆ ಹೋದೆವು ಎನ್ನುವುದಕ್ಕೆ ಅದರಲ್ಲಿ ಸಹಿ ಹಾಕಿ ಬರಬೇಕು. ಬಿಸಿಲು ಹೆಚ್ಚಿದ್ದರೆ ಒಬ್ಬಳು ಕಾಫಿ ಅಂಗಡಿಯಲ್ಲಿ ಕೂರುತ್ತಿದ್ದಳು, ಇನ್ನೊಬ್ಬಳು ನಡೆದುಹೋಗಿ ಇಬ್ಬರ ಸಹಿಯನ್ನೂ ಹಾಕಿ ಬರುತ್ತಿದ್ದಳು. "ಲೇ, ನಂದೂ ನೀನೇ ಹಾಕ್ಬುಡೇ" ಎಂದರೆ ಮುಗಿಯಿತು. ಅವಳ ಸಹಿಯನ್ನು ನಾನು ಇವತ್ತಿಗೂ ಕಣ್ಣು ಮುಚ್ಚಿಕೊಂಡು ಹಾಕಬಲ್ಲೆ. ನನ್ನದನ್ನು ಅವಳು ನನಗಿಂತ ಚೆನ್ನಾಗಿ ಹಾಕುತ್ತಾಳೆ. ಇಬ್ಬರಲ್ಲಿ ಒಬ್ಬರು ಹೋದರೂ ಇಬ್ಬರೂ ಹೋದಂತೆ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡಿದ್ದೆವು.

ಈಗ ಅವಳು ನಮ್ಮ ಠಾಣೆಯ ಕೋರ್ಟ್ ಡ್ಯೂಟಿಯವಳು. ಬೆಳಗ್ಗೆ ಕೋರ್ಟು, ಮಧ್ಯಾಹ್ನ ಕೊತ್ತಗೆರೆ ಕಡೆಯ ಹಳ್ಳಿಗಳಿಗೆ ಸಮನ್ಸ್, ಸಂಜೆ ಮತ್ತೆ ಠಾಣೆ. ಕಾಲಿಗೆ ಚಕ್ರ. ಒಂದು ಬೆಳಗ್ಗೆ ನಾನು ಬ್ಯಾಂಡ್ ಬಿಚ್ಚಿ ಅವಳ ಮುಂದೆ ಹಿಡಿದೆ.

"ಲೇ, ನಂದೂ ನೀನೇ ನಡ್ಕೊಂಡ್ ಬಾರೇ."

"ಗುಬ್ಬೀಲಿ ಸಹಿ ಹಾಕಿದ್ದು ಸಾಲ್ದೇನೇ ನಿಂಗೆ? ಈಗ ಕಾಲೂ ನಂದೇನಾ?" ಎಂದಳು. ಆದರೂ ಕೈ ನೀಡಿದಳು. "ಕಟ್ಟು ಇತ್ಲಾಗೆ."

ಅವತ್ತಿನಿಂದ ನನ್ನ ಹೆಸರು ಪಟ್ಟಿಯಲ್ಲಿ ಏರತೊಡಗಿತು. ಬೆಳಗ್ಗೆ ಬ್ಯಾಂಡ್ ಅವಳ ಕೈಗೆ, ಸಂಜೆ ವಾಪಸ್ ನನ್ನ ಕೈಗೆ. ನನ್ನ ಮೊಬೈಲಿನ ಹತ್ತಿರ ತಂದರೆ ದಿನದ ಹೆಜ್ಜೆಯೆಲ್ಲ ಸುರಿಯುತ್ತಿತ್ತು. ಮೂರೇ ವಾರಕ್ಕೆ ನಾನು ಮೊದಲ ಐದರಲ್ಲಿದ್ದೆ. ಇನ್‌ಸ್ಪೆಕ್ಟರ್ ಸಾಹೇಬರು ಬೆಳಗಿನ ಹಾಜರಿಯಲ್ಲಿ ನನ್ನನ್ನು ಮುಂದೆ ಕರೆದು ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ನಾನು ನಾಚಿಕೆಯಿಲ್ಲದೆ ಸೆಲ್ಯೂಟ್ ಹೊಡೆದೆ. ಹಿಂದಿನ ಸಾಲಿನಲ್ಲಿ ಗೆಳತಿಯ ಚಪ್ಪಾಳೆಯೇ ಎಲ್ಲರಿಗಿಂತ ಜೋರಾಗಿತ್ತು.

ಆ ದಿನಗಳಲ್ಲಿ ಅವಳು ಇನ್ನೂ ತೆಳ್ಳಗಾಗುತ್ತಿದ್ದಳು. ಎರಡು ಮುದ್ದೆ ನುಂಗಿ, ಮೇಲೆ ನನ್ನ ಡಬ್ಬಿಯ ಅನ್ನವನ್ನೂ ತಿಂದು, ಬೆಲ್ಟಿಗೆ ಹೊಸ ತೂತು ಹಾಕಿಸುತ್ತಿದ್ದಳು. ನನಗೆ ಹೊಟ್ಟೆಕಿಚ್ಚು. ಫ್ಯಾನಿನ ಕೆಳಗೆ ಕೂತರೂ ಬೆವರುತ್ತಿದ್ದಳು. ಕಾಫಿ ಲೋಟ ಹಿಡಿದರೆ ಕೈ ಸಣ್ಣಗೆ ನಡುಗುತ್ತಿತ್ತು. "ಇಬ್ರುದ್ನೂ ನಡೀತೀನಲ್ಲಾ, ಸುಸ್ತು ಕಣೇ" ಎಂದು ನಗುತ್ತಿದ್ದಳು. ದಿನವಿಡೀ ಬೇರೆಯವರ ಮುಖ ನೋಡಿ ಸುಳ್ಳು ಯಾವುದು ನಿಜ ಯಾವುದು ಎಂದು ಅಳೆಯುವ ನಾನು, ಎದುರಿಗೆ ಕೂತವಳನ್ನು ನೋಡಲೇ ಇಲ್ಲ.

ಒಂದು ದಿನ ತುಮಕೂರಿನ ಡಾಕ್ಟರಿಂದ ಫೋನ್ ಬಂತು. "ನಿಮ್ಮ ನಾಡಿ ಸರಿಯಿಲ್ಲ. ನಾಳೆಯೇ ಬನ್ನಿ, ಇಸಿಜಿ ಮಾಡಬೇಕು" ಎಂದರು. ನನ್ನ ತಲೆಗೆ ಬಂದದ್ದು ಒಂದೇ ಮಾತು: ಸಿಕ್ಕಿಬಿದ್ದೆ. ಮೆಮೊ ಕೊಡುತ್ತಾರೆ, ಚಪ್ಪಾಳೆ ಹೊಡೆದವರೇ ನಗುತ್ತಾರೆ. ಮಾರನೆಯ ದಿನ ಬಸ್ಸಿನಲ್ಲಿ ತುಮಕೂರಿನವರೆಗೂ ಏನು ಸುಳ್ಳು ಹೇಳಲಿ ಎಂದೇ ಯೋಚಿಸುತ್ತ ಹೋದೆ.

ಇಸಿಜಿ ಮಾಡಿದರು. ಎಲ್ಲ ಸರಿಯಾಗಿತ್ತು. ಡಾಕ್ಟರ್ ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಂದು ಹಾಳೆ ತೋರಿಸಿ, "ನೋಡಿ, ಹೆಜ್ಜೆ ಒಂದೂ ಇಲ್ಲ, ಅಂದರೆ ಸುಮ್ಮನೆ ಕೂತಿದ್ದೀರಿ. ಆಗಲೂ ನಾಡಿ ಓಡುತ್ತಲೇ ಇದೆ. ಹೀಗೆ ದಿನಾ ಇದೆ" ಎಂದರು. ನಾನು ಹೌದಾ ಮೇಡಂ ಎಂದು ತಲೆಯಾಡಿಸಿದೆ. "ನಿಮ್ಮ ಎದೆ ಚೆನ್ನಾಗಿದೆ. ಬ್ಯಾಂಡೇ ಕೆಟ್ಟಿರಬೇಕು, ಇಲ್ಲೇ ಬಿಚ್ಚಿಟ್ಟುಬಿಡಿ, ಬೇರೆ ಕೊಡಿಸ್ತೀನಿ, ಹೋಗಿಬನ್ನಿ" ಎಂದರು. ಬದುಕಿದೆಯಾ ಬಡಜೀವವೇ ಎಂದುಕೊಂಡು ಬಸ್ ಸ್ಟ್ಯಾಂಡಿಗೆ ಹೆಚ್ಚುಕಡಿಮೆ ಓಡಿದೆ.

ಕುಣಿಗಲ್ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಹಿಡಿದು ಗೆಳತಿಗೆ ಫೋನ್ ಮಾಡಿದೆ. ಅವತ್ತು ಅವಳು ಒಂದು ಕೇಸಿನ ಕಾಗದ ತೆಗೆದುಕೊಂಡು ಗುಬ್ಬಿ ಕೋರ್ಟಿಗೆ ಹೋಗಿದ್ದಳು.

"ಬಚಾವಾದೆ ಕಣೇ! ಬ್ಯಾಂಡೇ ಕೆಟ್ಟದೆ ಅಂದ್ರು."

ಆ ಕಡೆಯಿಂದ ಏದುಸಿರು. "ತಡಿಯೇ... ಮೆಟ್ಲು ಹತ್ಕೊಂಡ್ ಬಂದೆ... ಎದೆ ಡವಡವ ಅಂತದೆ."

"ಎಷ್ಟ್ ಮೆಟ್ಲೇ?"

"ಎಂಟು."

ನಾನು ನಗಲು ಬಾಯಿ ತೆರೆದೆ. ನಗು ಬರಲಿಲ್ಲ. ಬ್ಯಾಂಡ್ ಕೆಟ್ಟಿರಲಿಲ್ಲ. ಹಾಳೆಯಲ್ಲಿ ಓಡುತ್ತಿದ್ದ ನಾಡಿ ಅವಳದು. ಕೋರ್ಟಿನ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಾಗಲೂ ಅವಳ ಎದೆ ಹಾಗೆ ಬಡಿದುಕೊಳ್ಳುತ್ತಿತ್ತು, ದಿನಾ, ನನ್ನ ಹೆಸರಿನಲ್ಲಿ. ಡಾಕ್ಟರ್ ಆ ಹಾಳೆಯನ್ನು ನನ್ನ ಕಣ್ಣಿಗೇ ಹಿಡಿದಿದ್ದರು. ನಾನು ನನ್ನ ಮರ್ಯಾದೆ ಉಳಿಯಿತೆಂದು ಓಡಿ ಬಂದಿದ್ದೆ. ಅಷ್ಟು ಹೇಸಿಗೆ ನನ್ನ ಬಗ್ಗೆ ನನಗೆ ಯಾವತ್ತೂ ಆಗಿರಲಿಲ್ಲ.

ಬಸ್ಸು ಹೊರಟಿತ್ತು. ಕಂಡಕ್ಟರ್ ಬೈಯುತ್ತಿದ್ದರೂ ನಿಲ್ಲಿಸಿ ಇಳಿದೆ.

"ಮೇಡಂ, ಆ ನಾಡಿ ನಂದಲ್ಲ" ಎಂದೆ ಡಾಕ್ಟರ ಮುಂದೆ ನಿಂತು. ಬೀಟ್ ಪುಸ್ತಕದಿಂದ ಹಿಡಿದು ಎಲ್ಲ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ, "ಅವರೀಗ ಎಲ್ಲಿದ್ದಾರೆ? ನಡೆಸಬೇಡಿ, ಆಟೋದಲ್ಲಿ ಬರಲಿ."

ಫೋನ್ ಮಾಡಿದೆ. "ಏನೇ, ಸಿಕ್ಕಾಕ್ಕೊಂಡ್ಯಾ?" ಎಂದಳು.

"ಸಿಕ್ಕಾಕ್ಕೊಂಡಿರೋಳು ನೀನು ಕಣೇ. ಕಾಗ್ದ ಗೀಗ್ದ ಎಲ್ಲಾ ಅಲ್ಲೇ ಯಾರಿಗಾದ್ರೂ ಕೊಟ್ಟು ಆಟೋ ಹತ್ತು. ಒಂದೆಜ್ಜೆ ನಡುದ್ರೆ ಕಾಲ್ ಮುರೀತೀನಿ."

ಗುಬ್ಬಿಯಿಂದ ಆಟೋ ಬರುವಷ್ಟು ಹೊತ್ತು ಆಸ್ಪತ್ರೆಯ ಬಾಗಿಲಲ್ಲಿ ಅತ್ತಿಂದಿತ್ತ ಓಡಾಡಿದೆ. ಎಣಿಸುವ ಬ್ಯಾಂಡ್ ಕೈಯಲ್ಲಿರಲಿಲ್ಲ. ಇದ್ದಿದ್ದರೆ ಅವತ್ತು ಪಟ್ಟಿಯಲ್ಲಿ ನಾನೇ ಮೊದಲು ಬರುತ್ತಿದ್ದೆನೇನೋ.

ಅವಳನ್ನು ಮಲಗಿಸಿ ಇಸಿಜಿ ಮಾಡಿದರು, ರಕ್ತ ತೆಗೆದರು, ಅಲ್ಲೇ ಉಳಿಸಿಕೊಂಡರು. ರಿಪೋರ್ಟ್ ಬರುವವರೆಗೆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಆಮೇಲೆ ಡಾಕ್ಟರ್ ಇಬ್ಬರನ್ನೂ ಕೂರಿಸಿ ಹೇಳಿದರು. ಕತ್ತಿನ ಥೈರಾಯ್ಡ್ ಗ್ರಂಥಿ ಅಳತೆ ಮೀರಿ ಕೆಲಸ ಮಾಡುತ್ತಿದೆ. ಮೈ ಇಳಿದದ್ದು, ಬೆವರು, ನಡುಕ, ಎದೆಬಡಿತ ಎಲ್ಲ ಅದರದೇ. ಇನ್ನೂ ಬಿಟ್ಟಿದ್ದರೆ ಹೃದಯಕ್ಕೆ ಪೆಟ್ಟು ಬೀಳುತ್ತಿತ್ತು. ಈಗ ಮಾತ್ರೆಯಲ್ಲೇ ಹತೋಟಿಗೆ ಬರುತ್ತದೆ. ನಾನು ಅಲ್ಲೇ ಯೂನಿಫಾರಂನಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಕಾಯಿಲೆಯವಳೇ ನನ್ನ ಬೆನ್ನು ಸವರಿ, "ಸುಮ್ನಿರೇ, ಜನ ನೋಡ್ತವ್ರೆ" ಎಂದಳು.

ಠಾಣೆಗೆ ಬಂದು ನನ್ನ ಹೇಳಿಕೆಯನ್ನು ನಾನೇ ಬರೆದೆ. ಎಷ್ಟೋ ಜನರ ಹೇಳಿಕೆ ಬರೆದ ಕೈ, ಇದೊಂದಕ್ಕೆ ಮೂರು ಹಾಳೆ ಹರಿದು ಹಾಕಿತು. ಸಾಹೇಬರು ಅದನ್ನು ಎರಡು ಸಲ ಓದಿದರು. "ಮೆಮೊ ಕೊಡ್ಲೇಬೇಕಮ್ಮ, ಕೊಡ್ತೀನಿ" ಎಂದರು. ಆಮೇಲೆ, "ಆಯಮ್ಮ ವಾಸಿಯಾಗೋವರ್ಗೂ ನಿನ್ ಕುರ್ಚೀಲಿ ಕೂರ್ಲಿ. ಕೋರ್ಟ್ ಡ್ಯೂಟಿ ನೀನ್ ಮಾಡು. ನಡೀತೀಯಲ್ಲ, ಚೆನ್ನಾಗಿ?" ಎಂದರು. ಆ ಶಿಕ್ಷೆಗೆ ನಾನು ಮನಸಾರೆ ಸೆಲ್ಯೂಟ್ ಹೊಡೆದೆ.

ಈಗ ಬ್ಯಾಂಡ್ ನನ್ನ ಕೈಯಲ್ಲೇ ಇರುತ್ತದೆ. ಕೊತ್ತಗೆರೆಯ ಬಿಸಿಲಿನಲ್ಲಿ ಸಮನ್ಸ್ ಹಿಡಿದು ನಡೆಯುವಾಗ ಮಂಡಿ ನೋಯುತ್ತದೆ, ಬಾಯಿಗೆ ಬಂದಂತೆ ಬೈದುಕೊಳ್ಳುತ್ತೇನೆ. ಪಟ್ಟಿಯಲ್ಲಿ ಮಧ್ಯದಲ್ಲೆಲ್ಲೋ ಇದ್ದೇನೆ. ಅವಳ ಕೆನ್ನೆ ತುಂಬಿಕೊಳ್ಳುತ್ತಿದೆ. ಬೆಲ್ಟು ಹಳೆಯ ತೂತಿಗೆ ಬಂದಿದೆ.

ಮೊನ್ನೆ ಸಂಜೆ ವಾಪಸ್ ಬಂದು ಅವಳ ಎದುರು ಕುಳಿತೆ. "ನೋಡೇ, ನಾಡಿ ಎಷ್ಟದೆ" ಎಂದು ಮಣಿಕಟ್ಟು ಚಾಚಿದಳು. ಬ್ಯಾಂಡ್ ಬಿಚ್ಚಿ ಅವಳಿಗೆ ಕಟ್ಟಲು ಮನಸ್ಸಾಗಲಿಲ್ಲ. ಅವಳ ನಾಡಿಯ ಮೇಲೆ ಬೆರಳಿಟ್ಟು ಗೋಡೆ ಗಡಿಯಾರ ನೋಡುತ್ತ ಎಣಿಸಿದೆ. ಸಮಾಧಾನವಾಗಿ, ಅವಸರವಿಲ್ಲದೆ ಬಡಿಯುತ್ತಿತ್ತು. ಒಂದು ನಿಮಿಷ ಮುಗಿದ ಮೇಲೂ ಬೆರಳು ತೆಗೆಯಲಿಲ್ಲ, ಇನ್ನೂ ಎಣಿಸುತ್ತಲೇ ಇದ್ದೆ. ಬಹಳ ಹೊತ್ತು ಕೂತೆನೇನೋ, ನನ್ನ ಕೈಯ ಬ್ಯಾಂಡ್ ಗುರ್ ಎಂದು ನಡುಗಿತು. ಎದ್ದೇಳು ಎಂದಿತು. ನಾನು ಏಳಲಿಲ್ಲ.