ಬಣ್ಣದಕ್ಕನ ಎಡಗೈ

ಬಣ್ಣದಕ್ಕನಿಗೆ ಸ್ವಂತ ಪಾರ್ಲರಿಲ್ಲ, ಬೋರ್ಡಿಲ್ಲ, ತಣ್ಣಗೆ ಕೂರುವುದಕ್ಕೊಂದು ಜಾಗವೂ ಇಲ್ಲ. ಇರುವುದು ಗಾಲಿಯ ಮೇಲೆ ಉರುಳುವ ಒಂದು ಕಪ್ಪು ಪೆಟ್ಟಿಗೆ, ಮಡಚುವ ಒಂದು ಎತ್ತರದ ಕುರ್ಚಿ, ಮತ್ತೆ ಅವಳ ಎಡಗೈ. ಮದುವೆಯ ಹುಡುಗಿಯರು, ನಾಟಕದವರು, ಫೋಟೊ ತೆಗೆಸಿಕೊಳ್ಳುವವರು, ಯಾರು ಕರೆದರೆ ಅವರಲ್ಲಿಗೆ ಪೆಟ್ಟಿಗೆ ಎಳೆದುಕೊಂಡು ಹೋಗಿ ಮುಖ ತಿದ್ದಿ ಬರುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಅವಳ ನಿಜವಾದ ಹೆಸರು ಬೀದಿಯವರಿಗಿರಲಿ, ನೆಂಟರಿಗೂ ಈಗ ಯೋಚಿಸಿದರೇ ನೆನಪಾಗುವುದು.

ಪೆಟ್ಟಿಗೆ, ಕುರ್ಚಿ ಸರಿ, ಎಡಗೈ ಯಾಕೆ ಎಂದಿರಾ? ಹೊಸ ಕ್ರೀಮು, ಪೌಡರು, ಲಿಪ್‌ಸ್ಟಿಕ್ಕು ಯಾವುದೇ ಇರಲಿ, ಮೊದಲು ಅವಳ ಮುಂಗೈಯ ಒಳಭಾಗದ ಮೇಲೆ ಇಡೀ ಒಂದು ರಾತ್ರಿ ಕಳೆಯಬೇಕು. ಅಲ್ಲಿ ತಂಟೆ ಮಾಡದಿದ್ದರೆ ಗಿರಾಕಿಯ ಕಿವಿಯ ಹಿಂದೆ ಒಂದು ಚುಕ್ಕಿ. ಅಲ್ಲೂ ಸುಮ್ಮನಿದ್ದರೆ ಆಗ ಮುಖ. ಈ ನಿಯಮವನ್ನು ಅವಳು ಯಾರಿಗಾಗಿಯೂ ಸಡಿಲಿಸಿದವಳಲ್ಲ. ಹಾಗೆಂದು ಪರೀಕ್ಷೆಯೆಲ್ಲ ಕೈಗೇ ಮುಗಿಯುತ್ತಿತ್ತು ಎಂದುಕೊಳ್ಳಬೇಡಿ. ಒಂದು ಲಿಪ್‌ಸ್ಟಿಕ್ಕು ಹಚ್ಚಿಕೊಂಡು ಅರ್ಧ ದಿನ ಸೀಮೆಎಣ್ಣೆ ಕುಡಿದವಳ ಹಾಗೆ ಮುಖ ಸಿಂಡರಿಸಿಕೊಂಡು ಓಡಾಡಿದ್ದಾಳೆ. ನೀರಿಗೆ ಹೋಗುವುದೇ ಇಲ್ಲವೆಂದು ಡಬ್ಬಿಯ ಮೇಲೆ ಜಂಬ ಕೊಚ್ಚಿದ್ದ ಕಾಡಿಗೆಯೊಂದು ನೀರಿಗಿರಲಿ, ಎಣ್ಣೆಗೂ ಹೋಗದೆ, ನಾಲ್ಕು ದಿನ ನಿದ್ದೆಗೆಟ್ಟವಳಂತೆ ಕಂಡಿದ್ದಾಳೆ.

“ಅಲ್ಲಮ್ಮಾ, ಮೈ ಏನು ಗೋಡೆನಾ, ದಿನಕ್ಕೊಂದು ಬಣ್ಣ ಬಳಿಯೋಕೆ?” ಎಂದು ಅತ್ತೆ ಗೊಣಗುತ್ತಿದ್ದರು.

“ಗೋಡೆ ಆಗಿದ್ರೆ ಚೆನ್ನಾಗಿತ್ತು ಅತ್ತೆ, ತುರಿಕೆ ಆದ್ರೂ ಇರ್ತಿರಲಿಲ್ಲ.”

ಈ ಸಲ ಕರೆದವಳು ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಭಾನುವಾರ ಅವಳ ಮದುವೆ. ಅವಳ ಚರ್ಮವೋ, ಹೇಳಿ ಪ್ರಯೋಜನವಿಲ್ಲ. ಸೋಪು ಬದಲಾಯಿಸಿದರೆ ಕೆಂಪು, ಬಿಸಿಲಿಗೆ ಹೋದರೆ ಕೆಂಪು. ತನ್ನ ಅಕ್ಕನ ಮದುವೆಯಲ್ಲಿ ಯಾರೋ ಹತ್ತು ನಿಮಿಷದಲ್ಲಿ ಮುಖಕ್ಕೆ ಏನೇನೋ ಮೆತ್ತಿ ಕಳಿಸಿದ್ದರಂತೆ. ಊಟದ ಹೊತ್ತಿಗೆ ಕೆನ್ನೆ ಊದಿ, ಕಣ್ಣು ಸೀಳಾಗಿ, ಉರಿ ತಡೆಯಲಾರದೆ ಅತ್ತು, ಕೊನೆಗೆ ಎಲ್ಲ ಫೋಟೊಗಳಲ್ಲೂ ದಪ್ಪಗಿನ ಚಿಕ್ಕಪ್ಪನ ಬೆನ್ನ ಹಿಂದೆ ನಿಂತಿದ್ದಳಂತೆ. ಆರು ವರ್ಷವಾಯಿತು, ಆಮೇಲೆ ಮುಖಕ್ಕೆ ನೀರು ಬಿಟ್ಟು ಬೇರೇನೂ ಸೋಕಿಸಿರಲಿಲ್ಲ.

“ನನ್ನ ಮದುವೆಲಿ ನಾನು ಯಾರ ಹಿಂದೆ ನಿಂತ್ಕೊಳ್ಳಲಿ ಅಕ್ಕಾ?” ಎಂದು ಹುಡುಗಿ ನಗುತ್ತಲೇ ಕೇಳಿದ್ದಳು. ಆ ನಗು ನೋಡಿ ಬಣ್ಣದಕ್ಕ ಅಲ್ಲೇ ಒಪ್ಪಿಕೊಂಡುಬಿಟ್ಟಳು.

ಪೆಟ್ಟಿಗೆಯಲ್ಲಿದ್ದ ಮಾಮೂಲಿ ಸಾಮಾನು ಹುಡುಗಿಯ ಕಿವಿಯ ಹಿಂದೆ ಒಂದು ಗಂಟೆಯೂ ನಿಲ್ಲಲಿಲ್ಲ. ಸರಿ, ವಾಸನೆ ಹಾಕದ, ಆದಷ್ಟು ಕಡಿಮೆ ಪದಾರ್ಥ ಸೇರಿಸಿದ ಏಳು ಹೊಸ ಸಾಮಾನು ಹುಡುಕಿ ತಂದಳು. ಒಂದೊಂದು ಟ್ಯೂಬಿನ ಹಿಂದಿನ ಇರುವೆಯಂಥ ಅಕ್ಷರವನ್ನೂ ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಗುರುವಾರ ಮಧ್ಯಾಹ್ನ ಎಡಗೈ ಮೇಲೆ ಏಳನ್ನೂ ಬೆರಳಗಲ ಬೆರಳಗಲ ಹಚ್ಚಿಕೊಂಡಳು. ಯಾವುದು ಯಾವುದೆಂದು ಗೊತ್ತಾಗಬೇಕಲ್ಲ, ಅದಕ್ಕೆ ಪ್ರತಿಯೊಂದರ ಸುತ್ತ ಒಂದು ಸೊನ್ನೆ ಬರೆದು ಪಕ್ಕದಲ್ಲಿ ನಂಬರು ಹಾಕುವುದು ಅವಳ ಪದ್ಧತಿ. ಬಾಲ್‌ಪೆನ್ನಿನ ಗುರುತು ಕೈ ತೊಳೆದಾಗೆಲ್ಲ ಅಳಿಸಿಹೋಗಿ ಗೋಳು. ಅವತ್ತು ಮೇಜಿನ ಮೇಲೆ ಗಂಡನ ದಪ್ಪ ಪೆನ್ನು ಬಿದ್ದಿತ್ತು. ಅವನು ಪಾರ್ಸೆಲ್ ಆಫೀಸಿನವನು. ರಟ್ಟಿನ ಡಬ್ಬಿಗಳ ಮೇಲೆ ವಿಳಾಸ ಬರೆಯುವ ಪೆನ್ನು ಅದು. ಎಂಥ ಮಳೆಗೂ ಅಳಿಸದು. ಆಹಾ, ಇಷ್ಟು ದಿನ ಹೊಳೆಯಲೇ ಇಲ್ಲವಲ್ಲ ಎಂದು ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡು ಏಳು ಸೊನ್ನೆ ಬರೆದುಕೊಂಡಳು.

ಶುಕ್ರವಾರ ಬೆಳಗ್ಗೆ ತುರಿಕೆಗೇ ಎಚ್ಚರವಾಯಿತು. ತೋಳು ಮೇಲೆತ್ತಿ ನೋಡಿದರೆ ಏಳಕ್ಕೆ ಏಳೂ ಕೆಂಪು!

ಒಂದು ಕೆಂಪಾಗಿದ್ದರೆ ಅದನ್ನು ಎತ್ತಿ ಬಿಸಾಡುತ್ತಿದ್ದಳು. ಎರಡಾದರೆ ಅಂಗಡಿಯವನಿಗೆ ನಾಲ್ಕು ಮಾತು ಬೈಯುತ್ತಿದ್ದಳು. ಬೇರೆ ಬೇರೆ ಕಡೆ ತಯಾರಾದ ಏಳೂ ಕೆಟ್ಟವಾಗಿರುವುದು ಸಾಧ್ಯವೇ? ಹಾಗಾದರೆ ಕೆಟ್ಟಿರುವುದು ಸಾಮಾನಲ್ಲ, ತನ್ನ ಚರ್ಮ. ಹಾಗೆಂದುಕೊಂಡ ಕೂಡಲೇ ಬಚ್ಚಲಿಗೆ ಓಡಿ, ಸೋಪು ಹಾಕಿ, ಎಣ್ಣೆ ಹಾಕಿ, ಮೇಕಪ್ ತೆಗೆಯುವ ದ್ರಾವಣ ಸುರಿದು ಕೈಯನ್ನು ಗಸಗಸ ಉಜ್ಜಿದಳು. ಹಚ್ಚಿದ್ದು ಹೋಯಿತು, ಪೆನ್ನಿನ ಗುರುತೂ ಹೋಯಿತು, ಕೆಂಪು ಮಾತ್ರ ಇನ್ನಷ್ಟು ಉಬ್ಬಿತು.

ಹೆದರಿಕೆಗೆ ಕಾರಣವಿತ್ತು. ಅವಳಿಗೆ ಕೆಲಸ ಕಲಿಸಿದಾಕೆಯನ್ನು ಎಲ್ಲರೂ ಹುಬ್ಬಿನ ಮೇಡಂ ಎನ್ನುತ್ತಿದ್ದರು. ಆಕೆ ತಿದ್ದಿದ ಹುಬ್ಬಿಗೆ ಅಷ್ಟು ಹೆಸರು. ಇಪ್ಪತ್ತು ವರ್ಷ ಊರಿನ ಮುಖಗಳನ್ನೆಲ್ಲ ತಿದ್ದಿದ ಆ ಕೈ ಒಂದು ದಿನ ಇದ್ದಕ್ಕಿದ್ದಂತೆ ಮುನಿಸಿಕೊಂಡಿತು. ಏನು ಮುಟ್ಟಿದರೂ ಗುಳ್ಳೆ, ಬಿರುಕು. ವೈದ್ಯರು, ಈ ಕೆಲಸ ಬಿಡಿ, ಬೇರೆ ದಾರಿಯಿಲ್ಲ ಎಂದುಬಿಟ್ಟರು. ಈಗ ಈಜುಕೊಳವೊಂದರ ಟಿಕೆಟ್ ಕಿಟಕಿಯಲ್ಲಿ ಕೂತಿರುತ್ತಾರೆ, ಕೈಗೆ ಬಿಳಿ ಹತ್ತಿಯ ಗವಸು ಹಾಕಿಕೊಂಡು. ಬಣ್ಣದಕ್ಕ ಆ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟಿದ್ದಳು.

“ಡಾಕ್ಟ್ರ ಹತ್ರ ಹೋಗೋಣ ಬಾ,” ಎಂದ ಗಂಡ.

“ಹೋಗಿ? ಅವರು ಬಿಡು ಅಂತಾರೆ. ನಾನೇನ್ ಮಾಡಲಿ ಆಮೇಲೆ? ನನಗೆ ಬೇರೆ ಏನು ಬರುತ್ತೆ ಹೇಳಿ?”

ಅತ್ತೆಯೋ, ಬೆಳಗಾದರೆ ಆ ಬಣ್ಣಗಳನ್ನು ಬೈಯುತ್ತಿದ್ದವರು, ಅವತ್ತು ಬಾಯಿಗೆ ಬೀಗ ಹಾಕಿಕೊಂಡು ಸೊಸೆಯ ತಟ್ಟೆಗೆ ಎರಡೆರಡು ಸಲ ಬಡಿಸಿದರು. ಅವರು ಬೈಯದೆ ಇದ್ದದ್ದು ನೋಡಿ ಬಣ್ಣದಕ್ಕನಿಗೆ ಇನ್ನಷ್ಟು ಅಳು ಬಂತು.

ತನ್ನ ಗತಿ ಆಮೇಲೆ, ಮೊದಲು ಆ ಹುಡುಗಿಯದು ನೋಡಬೇಕು. ತನ್ನ ಕೈ ಒಪ್ಪದ್ದನ್ನು ಅವಳ ಮುಖಕ್ಕೆ ಹಚ್ಚುವ ಮಾತೇ ಇಲ್ಲ. ಆಗುವುದಿಲ್ಲವೆಂದು ಫೋನಿನಲ್ಲಿ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಅಷ್ಟು ಹಗುರ ಮನಸ್ಸು ಅವಳದಲ್ಲ. ಮಧ್ಯಾಹ್ನ ಕಾಲೆಳೆದುಕೊಂಡು ಕನ್ನಡಕದಂಗಡಿಗೆ ಹೋದಳು.

ಹುಡುಗಿ ಕೌಂಟರಿನ ಹಿಂದೆ ಕೂತು ಒಂದು ಕನ್ನಡಕದ ಸಣ್ಣ ಸ್ಕ್ರೂ ಬಿಗಿಯುತ್ತಿದ್ದಳು. ತಲೆಯೆತ್ತಿ ಬಣ್ಣದಕ್ಕನ ಮುಖ ನೋಡಿದವಳೇ ಸ್ಕ್ರೂಡ್ರೈವರ್ ಕೆಳಗಿಟ್ಟಳು.

“ಏನಾಯ್ತಕ್ಕಾ?”

“ನನ್ನ ಕೈಲಿ ಆಗಲ್ಲಮ್ಮಾ. ಕ್ಷಮಿಸಿಬಿಡು. ಏಳೂ ಕೆಂಪಾಗಿದೆ. ನನ್ನ ಚರ್ಮನೇ ಕೈಕೊಟ್ಟಿದೆ ಅನ್ಸುತ್ತೆ. ನಿನ್ನ ಮುಖ ನಾನು ಮುಟ್ಟಲ್ಲ.”

ಹುಡುಗಿ ಅಳಲಿಲ್ಲ, ಗಾಬರಿಯಾಗಲಿಲ್ಲ. “ಎಲ್ಲಿ, ಕೈ ಕೊಡಿ,” ಎಂದು ತೋಳನ್ನು ಎಳೆದುಕೊಂಡು ಕೌಂಟರಿನ ದೀಪದ ಕೆಳಗಿಟ್ಟಳು. ಲೆನ್ಸಿನ ಗೀರು ನೋಡುವ ಭೂತಗನ್ನಡಿ ಹಿಡಿದು ಒಂದೊಂದೇ ಗುರುತನ್ನು ನೋಡುತ್ತ ಹೋದಳು. ಹುಟ್ಟಿದಾಗಿನಿಂದ ಗಂಧೆ, ದದ್ದುಗಳ ಜೊತೆ ಬಾಳ್ವೆ ಮಾಡಿದವಳು. ಈ ವಿಷಯದಲ್ಲಿ ಅವಳ ಕಣ್ಣಿಗೆ ಯಾವ ವೈದ್ಯರೂ ಸಾಟಿಯಿಲ್ಲ.

“ಅಕ್ಕಾ, ಇಲ್ಲಿ ನೋಡಿ. ನಡುವೆ ಏನೂ ಆಗಿಲ್ವಲ್ಲ!”

“ಏನಾಗಿಲ್ಲ? ಬೆಂಕಿ ಥರ ಉರೀತಿದೆ.”

“ಅದು ಅಂಚು. ಸುತ್ತ ಮಾತ್ರ ಕೆಂಪು, ಬಳೆ ಇದ್ದ ಹಾಗೆ, ಪಕ್ಕದಲ್ಲೊಂದು ಗೀಚು ಬೇರೆ. ಒಳಗಡೆ ನೋಡಿ, ಚೆನ್ನಾಗೇ ಇದೆ. ನೀವು ಕ್ರೀಮ್ ಹಚ್ಚಿದ್ದು ಎಲ್ಲಿ? ನಡುವೆ ತಾನೆ? ಸುತ್ತ ಏನು ಹಚ್ಚಿದ್ರಿ?”

ಬಣ್ಣದಕ್ಕ ಬಗ್ಗಿ ಭೂತಗನ್ನಡಿಯೊಳಗೆ ನೋಡಿದಳು. ಸುತ್ತ? ಸುತ್ತ ಏನು ಹಚ್ಚಿದ್ದಳು? “ಅಯ್ಯೋ ನನ್ನ ಕರ್ಮವೇ, ಪೆನ್ನು!” ಎಂದು ಹಣೆ ಚಚ್ಚಿಕೊಂಡಳು. ಕನ್ನಡಕ ಕೊಳ್ಳಲು ಬಂದಿದ್ದ ಮುದುಕರೊಬ್ಬರು ಬೆಚ್ಚಿ ತಿರುಗಿ ನೋಡಿದರು.

ಹುಡುಗಿಗೆ ನಗು ತಡೆಯಲಾಗಲಿಲ್ಲ. ಅಲ್ಲೇ ಕಿವಿಯ ಓಲೆ ಬಿಚ್ಚಿ, “ಈಗಲೇ ನನ್ನ ಕಿವಿ ಹಿಂದೆ ಹಚ್ಚಿಬಿಡಿ,” ಎಂದಳು.

“ಸುಮ್ನಿರು! ಪೆನ್ನೇ ಅಂತ ಖಾತ್ರಿ ಆಗೋವರೆಗೂ ಒಂದು ಚುಕ್ಕಿನೂ ಇಲ್ಲ.”

ಮನೆಗೆ ಬಂದವಳೇ ಬಲಗೈಯ ಮೇಲೆ ಏಳನ್ನೂ ಮತ್ತೆ ಹಚ್ಚಿಕೊಂಡಳು, ಈ ಸಲ ಗೆರೆಯಿಲ್ಲ, ನಂಬರಿಲ್ಲ. ಮೊಣಕೈಯಿಂದ ಕೆಳಗೆ ಸಾಲಾಗಿ ಹಚ್ಚಿ, ಆ ಸಾಲನ್ನೇ ಒಂದು ಚೀಟಿಯಲ್ಲಿ ಬರೆದಿಟ್ಟಳು. ಮಣಿಕಟ್ಟಿನ ಹತ್ತಿರ ಬರೀ ಒಂದು ಸೊನ್ನೆ, ಗಂಡನ ಪೆನ್ನಿನಿಂದ, ಒಳಗೆ ಏನೂ ಇಲ್ಲದೆ. ಅಷ್ಟರಲ್ಲಿ ಅತ್ತೆ ಆ ಪೆನ್ನನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

“ಇಲ್ಲೇ ಬರೆದಿದ್ದಾರಲ್ಲಮ್ಮಾ, ಚರ್ಮಕ್ಕೆ ತಾಗಿಸಬೇಡಿ ಅಂತ. ಲೋಕದ ಟ್ಯೂಬೆಲ್ಲ ಓದ್ತೀಯ, ಇದನ್ನ ಓದೋಕೆ ಏನಾಗಿತ್ತು ಧಾಡಿ?”

ಅತ್ತೆಗೆ ಬೈಗುಳ ವಾಪಸು ಬಂದಿತ್ತು. ಬಣ್ಣದಕ್ಕನಿಗೆ ಅದು ಕಿವಿಗೆ ಎಷ್ಟು ಇಂಪಾಗಿತ್ತೆಂದರೆ, ಇನ್ನೆರಡು ಬೈಯಲಿ ಎಂದು ಸುಮ್ಮನೆ ನಿಂತಿದ್ದಳು. ಪಾಪ, ಗಂಡನೇ ಪೆನ್ನು ತನ್ನದೆಂದು ತಪ್ಪಿತಸ್ಥನಂತೆ ಮೂಲೆಯಲ್ಲಿ ಕೂತು ಉಗುರು ಕತ್ತರಿಸುತ್ತಿದ್ದ.

ಶನಿವಾರ ಎದ್ದಾಗ ಅವಳಿಗೆ ಕೈ ನೋಡಿಕೊಳ್ಳುವ ಧೈರ್ಯ ಬರಲಿಲ್ಲ. ಕಣ್ಣು ಮುಚ್ಚಿಕೊಂಡೇ ತೋಳನ್ನು ಗಂಡನ ಕಡೆ ಚಾಚಿದಳು.

“ಸೊನ್ನೆ ಕೆಂಪಾಗಿದೆ,” ಎಂದ ಅವನು.

“ಉಳಿದಿದ್ದು? ಬೇಗ ಹೇಳ್ರೀ, ಪ್ರಾಣ ತಿನ್ನಬೇಡಿ.”

“ಉಳಿದಿದ್ದೆಲ್ಲ ಹಾಗೇ ಇದೆ. ಏನೂ ಆಗಿಲ್ಲ. ಏಳೂ ಚೆನ್ನಾಗಿದೆ ಕಣೇ.”

ಹೋದ ಜೀವ ಬಂದಂತಾಯಿತು. ಇಪ್ಪತ್ತೆರಡು ವರ್ಷದ ಕೆಲಸ ಕೈಬಿಟ್ಟು ಹೋಗಿಲ್ಲ, ಕೈಯಲ್ಲೇ ಇದೆ. ದಿಂಬಿಗೆ ಮುಖವೊತ್ತಿ ಗಳಗಳ ಅತ್ತಳು. ಅತ್ತೆ ಅಡುಗೆಮನೆಯಿಂದಲೇ, “ಕೆಂಪಾದ್ರೂ ಅಳ್ತಾಳೆ, ಆಗದಿದ್ರೂ ಅಳ್ತಾಳೆ, ಇವಳಿಗೇನ್ ಹೇಳೋದು!” ಎಂದರು. ಆದರೆ ಅವರ ದನಿಯೂ ನೆಟ್ಟಗಿರಲಿಲ್ಲ.

ಅವತ್ತೇ ಹೋಗಿ ಹುಡುಗಿಯ ಎರಡೂ ಕಿವಿಗಳ ಹಿಂದೆ ಚುಕ್ಕಿಯಿಟ್ಟು ಬಂದಳು. ಗಂಟೆಗೊಮ್ಮೆ ಫೋನು ಮಾಡಿದಳು. “ಏನೂ ಇಲ್ಲಕ್ಕಾ,” ಎಂದು ಹೇಳಿ ಹೇಳಿ ಸಾಕಾಗಿ ಹುಡುಗಿ ಕೊನೆಕೊನೆಗೆ ಫೋನೆತ್ತಿದ ಕೂಡಲೇ “ಇಲ್ಲ” ಎಂದು ಇಟ್ಟುಬಿಡುತ್ತಿದ್ದಳು.

ಭಾನುವಾರ ಬೆಳಗ್ಗೆ ಮದುವೆ ಮನೆಯ ಮಾಳಿಗೆಯ ಕೋಣೆಯಲ್ಲಿ, ಕಿಟಕಿಗೆ ಮುಖ ಮಾಡಿ, ಎತ್ತರದ ಕುರ್ಚಿ ಹಾಕಿದಳು. ಮೊದಲು ಕಿವಿಗಳ ಹಿಂದೆ ನೋಡಿದಳು: ತಿಳಿಯಾಗಿತ್ತು. ಹುಡುಗಿ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದಳು. ಹೆದರಿಲ್ಲವೆಂದು ಬಾಯಲ್ಲಿ ಹೇಳಿದರೂ ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು. ಬಣ್ಣದಕ್ಕ ಅವಸರ ಮಾಡಲಿಲ್ಲ. ತೆಳ್ಳಗೆ ಹಚ್ಚುವುದು, ನಿಲ್ಲುವುದು, ಕಾಯುವುದು. ಹಣೆ ಮುಗಿಸಿ ಕೆನ್ನೆಗೆ ಬಂದಾಗ ಹುಡುಗಿಯ ಹಿಡಿತ ಸ್ವಲ್ಪ ಸಡಿಲವಾಯಿತು. ಕಣ್ಣಿನ ಅಂಚಿಗೆ ಬರುವಷ್ಟರಲ್ಲಿ ಕೈಗಳು ಮಡಿಲಲ್ಲಿದ್ದವು. ಹೊರಗೆ ಯಾರೋ ಬಾಗಿಲು ತಟ್ಟಿ ಹೊತ್ತಾಯಿತೆಂದರೆ, ಆಗಲಿ ಬಿಡಿ ಎಂದು ಒಳಗಿನಿಂದಲೇ ಗದರಿದಳು.

ಒಂದೂವರೆ ಗಂಟೆಯಾದ ಮೇಲೆ ಕನ್ನಡಿ ಎದುರಿಗೆ ಹಿಡಿದಳು. ಅವಳ ಕಸುಬಿನಲ್ಲಿ ಈ ಗಳಿಗೆಯಲ್ಲಿ ಕೇಳಿಬರುವ ಮಾತುಗಳೆಲ್ಲ ಅವಳಿಗೆ ಬಾಯಿಪಾಠ. ಅಯ್ಯೋ ಇದು ನಾನೇನಾ ಎನ್ನುವವರಿದ್ದಾರೆ, ಇನ್ನೂ ಸ್ವಲ್ಪ ಬೆಳ್ಳಗೆ ಮಾಡಿ ಎನ್ನುವವರಿದ್ದಾರೆ, ಮಾತಿಗಿಂತ ಮೊದಲು ಫೋನೆತ್ತಿ ಫೋಟೊ ಹೊಡೆದುಕೊಳ್ಳುವವರೂ ಇದ್ದಾರೆ.

ಹುಡುಗಿ ಕನ್ನಡಿಯ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿಕೊಂಡೇ ಎರಡು ಬೆರಳಿನಿಂದ ಕೆನ್ನೆಯನ್ನು ಮೆಲ್ಲಗೆ ಮುಟ್ಟಿಕೊಂಡಳು. ಆಮೇಲೆ ಗಲ್ಲ, ಆಮೇಲೆ ಹಣೆ. ಏನೋ ಬರುತ್ತದೆಂದು ಕಾಯುವವಳಂತೆ ತುಸು ಹೊತ್ತು ಅಲುಗದೆ ಕೂತಿದ್ದಳು.

“ಅಕ್ಕಾ,” ಎಂದಳು, “ಉರೀತಾನೇ ಇಲ್ಲ.”

ಬಣ್ಣದಕ್ಕ ಕನ್ನಡಿಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಮಂಚದ ಅಂಚಿನಲ್ಲಿ ಕುಳಿತುಬಿಟ್ಟಳು.