ಗಾಲಿಕುರ್ಚಿಗೆ ಮೆತ್ತೆ ಹೊಲಿಯುವ ಕ್ಯಾಮಿಲಸ್

ಬೆಳಿಗ್ಗೆ ಐದೂಕಾಲು. ದುಬೈಯ ರಾಸ್ ಅಲ್ ಖೋರ್‌ನ ಗ್ಯಾರೇಜುಗಳ ಸಾಲಿನಲ್ಲಿ ಒಂದೇ ಒಂದು ಶಟರ್ ಅರ್ಧ ಎದ್ದಿದೆ. ಒಳಗೆ ಕ್ಯಾಮಿಲಸ್ ಪಾಯ್ಸ್ ಹೊಲಿಗೆ ಮೆಷಿನಿನ ಮೇಲೆ ಬಾಗಿದ್ದಾರೆ. ಕಾರಿನ ಸೀಟು ಹೊಲಿದು ಉಳಿದ ಚರ್ಮದ ತುಂಡುಗಳು ಅವರ ಕೈಯಲ್ಲಿ ದಪ್ಪನೆಯ ಮೆತ್ತೆಯಾಗುತ್ತಿವೆ. ಕೊನೆಯ ದಾರ ಕತ್ತರಿಸಿ, ಮೆತ್ತೆಯನ್ನು ಗಾಲಿಕುರ್ಚಿಯ ಮೇಲಿಟ್ಟು ತಾವೇ ಕೂರುತ್ತಾರೆ. ಅಲ್ಲಾಡದೆ ಹತ್ತು ನಿಮಿಷ. ಎಲ್ಲಾದರೂ ಒತ್ತಿತೋ, ಬಿಚ್ಚಿ ಮತ್ತೆ ಹೊಲಿಗೆ.

"ನಮಗೆ ಚುಚ್ಚಿದ್ರೆ ಗೊತ್ತಾಗ್ತದೆ. ಇದ್ರಲ್ಲಿ ಕೂರುವವನಿಗೆ ಸೊಂಟದಿಂದ ಕೆಳಗೆ ಜೀವ ಇಲ್ಲ, ಹುಣ್ಣಾದ ಮೇಲೆಯೇ ತಿಳಿಯುದು. ಹಾಗಾಗಿ ಅವನ ಬದಲಿಗೆ ಮೊದಲು ನಾನು ಕೂರ್ಬೇಕು."

ಏಳೂವರೆಗೆ ಗ್ಯಾರೇಜು ತೆರೆದರೆ ಸಂಜೆಯ ತನಕ ಕಾರಿನ ಕೆಲಸ, ದಿನಕ್ಕೆ ಐದಾರು ಸೀಟು. ಅದಕ್ಕೂ ಮುಂಚಿನ ಎರಡು ಗಂಟೆ, ಕೆಲಸದಲ್ಲಿ ಬೆನ್ನೆಲುಬು ಮುರಿದುಕೊಂಡು ಊರಿಗೆ ಮರಳುವ ಕಾರ್ಮಿಕರದ್ದು. ಒಂದು ಮೆತ್ತೆಗೆ ಮೂರು ಬೆಳಗು ಬೇಕು. ಹನ್ನೊಂದು ವರ್ಷದಲ್ಲಿ ಎಷ್ಟಾಯಿತು ಎಂದರೆ, "ನೂರು ದಾಟಿರ್ಬಹುದು" ಎನ್ನುತ್ತಾರೆ.

ಕಿನ್ನಿಗೋಳಿಯ ಕ್ಯಾಮಿಲಸ್ ದುಬೈಗೆ ಬಂದು ಇಪ್ಪತ್ನಾಲ್ಕು ವರ್ಷ. ಎರಡನೇ ವರ್ಷವೇ ಮೆಷಿನಿನ ಸೂಜಿ ಬಲಗೈ ಹೆಬ್ಬೆರಳಿನ ಮೂಳೆಗೆ ನಾಟಿತು. ಕೀವಾಗಿ, ಆಪರೇಶನ್ ಆಗಿ, ನಲವತ್ತು ದಿನ ಕೈಗೆ ಬ್ಯಾಂಡೇಜು. ಅಲ್ ಕೂಜ್‌ನ ರೂಮಿನಲ್ಲಿ ಪಕ್ಕದ ಮಂಚದವರು ಉಪ್ಪಿನಂಗಡಿಯ ಉಸ್ಮಾನ್, ಬೇಕರಿಯಲ್ಲಿ ರಾತ್ರಿ ಪಾಳಿಯವರು.

"ಅದು ಅವರ ಉಪವಾಸದ ತಿಂಗಳು. ಹನಿ ನೀರು ಕುಡಿಯದ ಉಸ್ಮಾನ್ ಕಾಕ ಮಧ್ಯಾಹ್ನ ಎದ್ದು, ಮೀನಿನ ಮುಳ್ಳು ತೆಗೆದು, ಅನ್ನ ಕಲಸಿ ನನಗೆ ಉಣ್ಣಿಸ್ತಿದ್ರು. ನಾನು ರಾತ್ರಿಯೆಲ್ಲ ಜಪಸರ ಹಿಡ್ಕೊಂಡು ಕೈ ಕೇಳ್ತಿದ್ದೆ. ಕೈ ಸಿಕ್ಕಿತು. ದೇವರು ಕೊಟ್ಟದ್ದನ್ನು ನಾನೊಬ್ಬನೇ ಇಟ್ಕೊಂಡ್ರೆ ಆಗ್ತದಾ?"

ಹನ್ನೊಂದು ವರ್ಷದ ಹಿಂದೆ ಆ ಕೈಗೆ ಈ ಮೆತ್ತೆಯ ದಾರಿ ತೋರಿಸಿದವರು ಇಗರ್ಜಿಯಲ್ಲಿ ಪರಿಚಯವಾದ ನರ್ಸ್ ನತಾಶಾ. ಮೂಳೆ ಊರುವ ಜಾಗದಲ್ಲಿ ಫೋಮನ್ನು ಎಷ್ಟು ತಗ್ಗು ಮಾಡಬೇಕೆಂದು ಹೇಳಿಕೊಟ್ಟದ್ದು ಅವರೇ.

ಕಳೆದ ಸೆಪ್ಟೆಂಬರಿನಲ್ಲಿ ನತಾಶಾ ಫೋನು ಮಾಡುತ್ತಾರೆ. ಕಟ್ಟಡ ಕೆಲಸದ ಸಾರುವೆಯಿಂದ ಬಿದ್ದ ನಿಜಾಮಾಬಾದಿನ ಗಂಗಾರಾಮ್‌ಗೆ ಮೆತ್ತೆ ಬೇಕು, ನಾಲ್ಕು ದಿನದಲ್ಲಿ ವಿಮಾನ. "ಜೊತೆಗೆ ಯಾರು?" ಎಂದು ಕ್ಯಾಮಿಲಸ್ ಕೇಳುತ್ತಾರೆ. ಬರುತ್ತೇನೆಂದವನು ಹಿಂದೆ ಸರಿದಿದ್ದಾನೆ. ಜೊತೆಗೆ ಜನವಿಲ್ಲದೆ ವಿಮಾನ ಹತ್ತಿಸುವುದಿಲ್ಲ.

ಅದೇ ವಾರ ಕ್ಯಾಮಿಲಸ್‌ಗೆ ಊರಿನ ಟಿಕೆಟ್ ಆಗಿದೆ. ಸೆಪ್ಟೆಂಬರ್ ಎಂಟು ತೆನೆ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತವನ್ನು ಮನೆಗೆ ತಂದು, ಸುಲಿದು, ಪಾಯಸಕ್ಕೆ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣುವ ದಿನ. ಆ ಊಟಕ್ಕೆ ಅವರು ಕೂತು ಐದು ವರ್ಷವಾಗಿದೆ.

ಹೆಂಡತಿ ಕ್ಯಾರೊಲಿನ್‌ಗೆ ಫೋನು ಹಚ್ಚುತ್ತಾರೆ. ಆ ಕಡೆಯಿಂದ, "ಅವನಿಗೂ ಅಮ್ಮ ಇರ್ತಾಳಲ್ಲ. ಮುಟ್ಟಿಸಿ ಬನ್ನಿ."

ಟಿಕೆಟ್ ಹೈದರಾಬಾದಿಗೆ ಬದಲಾಗುತ್ತದೆ. ವಿಮಾನದಲ್ಲಿ ಗಂಟೆಗೆರಡು ಸಲ ಗಂಗಾರಾಮ್‌ನ ಕಂಕುಳಿಗೆ ಕೈಕೊಟ್ಟು ಎತ್ತಿ ಕೂರಿಸುವುದು, ಇಳಿದ ಮೇಲೆ ಜೀಪಿನಲ್ಲಿ ಅವನ ಹಳ್ಳಿಗೆ. ಅಲ್ಲಿ ಅವನ ತಾಯಿ ಮಗನ ಕಾಲನ್ನು ಮುಟ್ಟಿ ಮುಟ್ಟಿ ನೋಡುತ್ತಾಳೆ. "ಅವಳ ತೆಲುಗು ನನಗೆ ಅರ್ಥ ಆಗ್ಲಿಲ್ಲ. ನಾನು ಹೊರಗೆ ಹೋಗಿ ಅತ್ತದ್ದು ಹೌದು."

ಬಸ್ಸು, ರೈಲು ಹಿಡಿದು ಕ್ಯಾಮಿಲಸ್ ಕಿನ್ನಿಗೋಳಿ ಸೇರುವಾಗ ಹತ್ತನೇ ತಾರೀಕು. ಹಬ್ಬ ಮುಗಿದಿದೆ ಎಂದುಕೊಂಡೇ ಅಂಗಳಕ್ಕೆ ಕಾಲಿಡುತ್ತಾರೆ. ದೇವರ ಪೀಠದ ಮೇಲೆ ತೆನೆ ಹಾಗೇ ಇದೆ. ಅವರು ಬರುವ ತನಕ ಮನೆಯಲ್ಲಿ ಯಾರೂ ಹೊಸ ಅಕ್ಕಿ ಬಾಯಿಗೆ ಹಾಕಿಲ್ಲ. ಎಂಬತ್ತು ದಾಟಿದ ಅತ್ತೆಯೂ ಕಾದಿದ್ದಾರೆ.

"ಎರಡು ದಿನ ತಡ ಆದ್ರೆ ತೆನೆ ಕೆಡ್ತದಾ?" ಎನ್ನುತ್ತಾ ಕ್ಯಾರೊಲಿನ್ ಕಾಯಿ ತುರಿಯಲು ಕೂತರಂತೆ.

ಈಗ ಕ್ಯಾಮಿಲಸ್‌ಗೆ ಐವತ್ತೆರಡು. ಏನು ಆಸೆ ಎಂದರೆ ಮೆಷಿನಿಗೆ ಎಣ್ಣೆ ಬಿಡುತ್ತಾ ಯೋಚಿಸುತ್ತಾರೆ.

"ನತಾಶಾ ಸಿಸ್ಟರ್ ಒಂದಿಡೀ ವರ್ಷ ನನಗೆ ಫೋನು ಮಾಡ್ಬಾರ್ದು. ಯಾರೂ ಬಿದ್ದಿಲ್ಲ ಅಂತ ಲೆಕ್ಕ. ಆಗ ನಾನೂ ಆರು ಗಂಟೆ ತನಕ ಮಲಗ್ತೇನೆ."