ಕಾರೆ ಪೊದೆಗೆ ಮೂರು ಸುತ್ತು

ಚನ್ನರಾಯನದುರ್ಗದ ಬೆಟ್ಟದಲ್ಲಿ ಮೇಕೆ ಮೇಯಿಸುತ್ತಲೇ ಅರವತ್ತು ದಾಟಿದವಳು ಚಿಕ್ಕಹನುಮಕ್ಕ. ದಾರಿ ಕೇಳಿದವರಿಗೆ ಬರೀ ಕೈ ತೋರಿಸುವವಳಲ್ಲ, ಮುಂದೆ ನಡೆದು ತುದಿ ಮುಟ್ಟಿಸುವವಳು. ಬೆಂಗಳೂರಿನಿಂದ ಒಂದು ದಿನದ ಚಾರಣಕ್ಕೆ ಬಂದ ಹುಡುಗಿಯೊಬ್ಬಳು ಹೋದ ಭಾನುವಾರ ಹಾಗೆಯೇ ಅವಳ ಹಿಂದೆ ಹತ್ತಿ, ನಡೆದ ದಾರಿಯನ್ನೆಲ್ಲ ಫೋನಿನ ಮ್ಯಾಪಿಗೆ ಸೇರಿಸಿ ಎಲ್ಲರಿಗೂ ಹಂಚಿದಳು.

ಈ ಭಾನುವಾರ ಮೂವತ್ತು ಮಂದಿ ಆ ಮ್ಯಾಪು ನೋಡಿಕೊಂಡೇ ಬಂದರು. ಅರ್ಧ ಬೆಟ್ಟದಲ್ಲಿ ಕಾರೆ ಪೊದೆಯೊಂದನ್ನು ಸಾಲಾಗಿ ಮೂರು ಸುತ್ತು ಸುತ್ತಿದರು. ಒಬ್ಬಾಕೆ ಕೈಯನ್ನೂ ಮುಗಿದು, ಅಲ್ಲೇ ಮೇಕೆ ಮೇಯಿಸುತ್ತಿದ್ದ ಚಿಕ್ಕಹನುಮಕ್ಕನನ್ನು ಕೇಳಿದಳು:

"ಇದು ಯಾವ ದೇವರು ಅಜ್ಜಿ?"

"ದೇವ್ರಲ್ಲ ಕಣಮ್ಮ! ಅವತ್ತು ನನ್ ಮೇಕೆಮರಿ ಇದ್ರ ಸುತ್ತ ಓಡ್ತು. ಅದ್ರ ಹಿಂದೆ ನಾನು, ನನ್ ಹಿಂದೆ ಆ ಹುಡ್ಗಿ!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅವರು ಹೋದ ಮೇಲೆ ಚಿಕ್ಕಹನುಮಕ್ಕ ಅತ್ತಿತ್ತ ನೋಡಿ, ಚಪ್ಪಲಿ ಬಿಟ್ಟು, ತಾನೂ ಮೂರು ಸುತ್ತು ಬಂದಳು.

"ಇಷ್ಟ್ ಜನ ಸುತ್ತವ್ರೆ, ಇದ್ರೂ ಇರ್ಬೋದು ಕಣ್ಲಾ" ಎಂದಳು ಮೇಕೆಮರಿಗೆ.